ಗುಮಾಸ್ತನನ್ನು ಇಡುವ ಮೊದಲು: ಮಗಳಿಗೊಂದು ಪತ್ರ

ವಿಜಯಪುರ

ಚಿ. ಸುಜಾತಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಬೆಳಗಾವಿಯ ರವಿವಾರ ಪೇಟೆಯಲ್ಲಿ ಖೋಲಿ ಹಿಡಿದು, ಗಿರಾಕಿಗಳ ಜಿಎಸ್‌ಟಿ ಲೆಕ್ಕ ಬರೆದು ರಿಟರ್ನ್ ತುಂಬುವ ನಿನ್ನ ಕೆಲಸಕ್ಕೆ ಕೈಕೆಳಗೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳಬೇಕೆಂದು ನೀನು ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೆ ಲೆಕ್ಕ ಹಾಕಿಯೇ ಉತ್ತರ ಬರೆಯುತ್ತಿದ್ದೇನೆ. ತಿಂಗಳಿಗೆ ಹುಡುಗನ ಸಂಬಳ 12,000, ಬಾಡಿಗೆ ಮತ್ತು ಕರೆಂಟು 6,000 ಹಿಡಿದರೆ ವರ್ಷಕ್ಕೆ 2,16,000 ರೂಪಾಯಿ. ಒಬ್ಬೊಬ್ಬ ಗಿರಾಕಿಯಿಂದ ನಿನಗೆ ತಿಂಗಳಿಗೆ ಬರುವುದು 1,000. ಅಂದರೆ ಹದಿನೆಂಟು ಗಿರಾಕಿಗಳ ದುಡಿಮೆ ಆ ಖೋಲಿಗೂ ಹುಡುಗನಿಗೂ ಹೋಗುತ್ತದೆ. ಅವರ ಜಿಎಸ್‌ಟಿಯಲ್ಲಿ ಹೆಚ್ಚುಕಡಿಮೆಯಾದರೆ ಉತ್ತರ ಹೇಳಬೇಕಾದವಳು ಮಾತ್ರ ನೀನೇ.

ನಿನಗೆ ಕೆಲಸ ಹೆಚ್ಚಾಗಿರುವುದು ನಿಜ. ಅದು ಎಲ್ಲಿ ಹೆಚ್ಚಾಗಿದೆ ಎಂಬುದನ್ನು ಅಲ್ಲಿಗೆ ಬಂದಾಗ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಜಿಎಸ್‌ಟಿಆರ್-1ಕ್ಕೆ, ಅಂದರೆ ಹಿಂದಿನ ತಿಂಗಳ ಮಾರಾಟದ ವಿವರ ಕೊಡುವ ರಿಟರ್ನಿಗೆ, 11ನೇ ತಾರೀಖು ಕೊನೆಯ ದಿನ. ಉದ್ಯಮಬಾಗದ ಫೌಂಡ್ರಿಯವರು 10ರ ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲು ತಂದು ಮೇಜಿನ ಮೇಲೆ ಸುರಿದರು. ಮಾರಾಟದ ಬಿಲ್ಲುಗಳ ನಡುವೆ ಪೆಟ್ರೋಲ್ ಚೀಟಿಗಳು, ಅಕ್ಷರ ಮಾಸಿಹೋದ ಥರ್ಮಲ್ ಕಾಗದಗಳು, ಕೊಂಡವರ ಜಿಎಸ್‌ಟಿ ನಂಬರೇ ಇಲ್ಲದ ಬಿಲ್ಲುಗಳು ಇದ್ದವು, ಒಂದೊಂದಕ್ಕೂ ನೀನು ಫೋನ್ ಮಾಡಬೇಕಾಯಿತು. ಎಲ್ಲ ಮುಗಿಯಿತು ಎನ್ನುವಾಗ ಒಟಿಪಿ ಮಾಲೀಕರ ಮೊಬೈಲಿಗೆ ಹೋಯಿತು, ಅವರು ಫೋನ್ ಎತ್ತಲಿಲ್ಲ. ಹುಡುಗನನ್ನು ಇಟ್ಟ ಮಾತ್ರಕ್ಕೆ ಮಾಸಿದ ಅಕ್ಷರ ಮೂಡುವುದಿಲ್ಲ, ಒಟಿಪಿಯೂ ಅವನ ಮೊಬೈಲಿಗೆ ಬರುವುದಿಲ್ಲ.

ಆದ್ದರಿಂದ, ನನ್ನವ್ವಾ, ಮೊದಲು ಗಿರಾಕಿಗಳಿಗೆ ತಾರೀಖು ಗೊತ್ತುಮಾಡು. ಬಿಲ್ಲುಗಳ ಫೋಟೋ ಪ್ರತಿ ಸೋಮವಾರ ವಾಟ್ಸ್ಯಾಪಿಗೆ ಬರಲಿ, ತಿಂಗಳ ಕೊನೆಯವು 5ರೊಳಗೆ ಬರಲಿ, ಅದನ್ನು ಮೀರಿದವರಿಗೆ ಶುಲ್ಕ ಹೆಚ್ಚು ಎಂದು ಬರೆದು ಕೊಡು. ತೆರಿಗೆ ಕಟ್ಟುವುದಿರುವ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಬೀಳುತ್ತದೆ. ಕಾಗದ ತಡಮಾಡಿದವರೇ ಅದನ್ನು ಭರಿಸಬೇಕೆಂಬುದೂ ಆ ಬರಹದಲ್ಲಿರಲಿ. ಇಲ್ಲಿಯ ಅಡತ ಅಂಗಡಿಯಲ್ಲಿ ತೊಗರಿಯ ಸುಗ್ಗಿಯಲ್ಲೂ ಲೆಕ್ಕ ಬರೆಯುವ ದಿವಾನಜಿ ನಾನೊಬ್ಬನೇ ಆಗಿದ್ದೆ. ಆಯಾ ದಿನದ ಜಮಾ-ಖರ್ಚಿನ ಕಿರ್ದಿ ಬರೆದು, ಕೈಯಲ್ಲಿ ಉಳಿದ ಶಿಲ್ಕು ತಾಳೆಯಾದ ಮೇಲೆಯೇ ಬೀಗ ಹಾಕುತ್ತಿದ್ದುದರಿಂದ ಅದನ್ನು ಖಾತೆಗಳಿಗೆ ಏರಿಸುವ ಖತಾವಣಿ ಎಂದೂ ಬಾಕಿ ಉಳಿಯಲಿಲ್ಲ.

ವರ್ಷದ ವಹಿವಾಟು 5 ಕೋಟಿಯೊಳಗಿದ್ದವರಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ತುಂಬುವ ಸೌಲಭ್ಯ 2021ರ ಜನವರಿಯಿಂದ ಇದೆ. ಕಿರಾಣಿ ಮತ್ತು ಬಟ್ಟೆ ಅಂಗಡಿಯವರನ್ನು ಅದಕ್ಕೆ ಬದಲಾಯಿಸಿದರೆ, ಒಬ್ಬರಿಗೆ ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ಇದ್ದ ರಿಟರ್ನ್ 8ಕ್ಕೆ ಇಳಿಯುತ್ತದೆ. ಪ್ರತಿ ತ್ರೈಮಾಸಿಕದ ಮೊದಲ ಎರಡು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಚಲನ್ ಮೂಲಕ ಕಟ್ಟಿಸಿದರೆ ಸಾಕು. ಫೌಂಡ್ರಿಯವರನ್ನು ಮಾತ್ರ ಈಗಿರುವಂತೆಯೇ ಬಿಡು, ಏಕೆಂದರೆ ಅವರಿಂದ ಎರಕದ ಮಾಲು ಕೊಳ್ಳುವ ಕಂಪನಿಗಳು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಅನ್ನು ತಿಂಗಳು ತಿಂಗಳು ಕೇಳುತ್ತವೆ. ಅವರದು ಹೆಚ್ಚು ಕೆಲಸ, ಶುಲ್ಕವೂ ಹೆಚ್ಚಾಗಬೇಕು. ಕಿರಾಣಿ ಅಂಗಡಿಗೂ ಫೌಂಡ್ರಿಗೂ ಒಂದೇ 1,000 ರೂಪಾಯಿ ಎಂಬುದು ನನಗೆ ಸರಿ ಕಾಣುವುದಿಲ್ಲ.

ಉದ್ರಿಯ ವಿಷಯದಲ್ಲಿ ನಿನ್ನ ಮೃದು ಸ್ವಭಾವ ನನಗೆ ಚಿಂತೆ ತಂದಿದೆ. ಶುಲ್ಕವನ್ನು ಮೂರು ತಿಂಗಳಿಗೆ ಮುಂಗಡವಾಗಿ ಯುಪಿಐ ಮೂಲಕ ತೆಗೆದುಕೊಂಡರೆ ವಸೂಲಿಗೆ ಅಲೆಯುವ ಕೆಲಸವೇ ಇರುವುದಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಯನ್ನೂ ಮಾಡಿಸು, ಅದಕ್ಕೆ ಶುಲ್ಕವಿಲ್ಲ. ನೋಂದಾಯಿತ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಲಿಖಿತ ಒಪ್ಪಂದವಿದ್ದರೂ, 45 ದಿನಗಳಿಗಿಂತ ಹೆಚ್ಚು ತಡೆಯುವಂತಿಲ್ಲ ಎಂದು ಸಣ್ಣ ಉದ್ಯಮಗಳ 2006ರ ಕಾಯ್ದೆಯೇ ಹೇಳುತ್ತದೆ.

ಇಷ್ಟು ಮಾಡಿದ ಮೇಲೂ ಮೈಮೇಲೆ ಬರುವಷ್ಟು ಕೆಲಸ ಉಳಿದರೆ ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸು. ಸತತವಾಗಿ ತಡಮಾಡುವವರಿಗೆ ಬೇರೆಯವರನ್ನು ನೋಡಿಕೊಳ್ಳಲು ಗೌರವದಿಂದಲೇ ಹೇಳು. ಒಳ್ಳೆಯ ಗಿರಾಕಿಗಳು ನಿನ್ನ ಕೈಬರಹದ ಲೆಕ್ಕವನ್ನು ನಂಬಿ ಬಂದವರು, ಖೋಲಿಯ ಫಲಕ ನೋಡಿ ಬಂದವರಲ್ಲ.

ಆ ಹುಡುಗನಿಗೆ ಮಾತು ಕೊಡುವ ಮೊದಲು ನಿನ್ನ ಗಿರಾಕಿಗಳ ಪಟ್ಟಿಯನ್ನು ನನಗೆ ಕಳುಹಿಸು. ಯಾರ ಕಾಗದ ಯಾವ ತಾರೀಖಿಗೆ ಬರುತ್ತದೆ, ಯಾರ ಬಾಕಿ ಎಷ್ಟಿದೆ ಎಂಬುದನ್ನು ಹೆಸರಿನ ಎದುರಿಗೆ ಬರೆ. ಕುಳಿತು ನೋಡೋಣ.

ನಿನ್ನ ಅಪ್ಪ