ವೃದ್ಧೆಯ ಚಿತ್ರಕ್ಕೇಕೆ ಪಂಚೆ?

ಮಾನ್ಯ ಸಂಪಾದಕರೆ,

ಮಡಿಕೇರಿಯಲ್ಲಿ ಇತ್ತೀಚೆಗೆ ನಡೆದ ಚಿತ್ರಕಲಾ ಪ್ರದರ್ಶನವೊಂದರಲ್ಲಿ, ಕೆಲವರು ಆಕ್ಷೇಪಿಸಿದರೆಂಬ ಕಾರಣಕ್ಕೆ ಒಂದು ನಗ್ನಚಿತ್ರಕ್ಕೆ ಬಿಳಿ ಪಂಚೆ ಹೊದಿಸಲಾಯಿತು. ಅದಕ್ಕೆ ಮೊದಲೇ ನಾನು ಆ ಚಿತ್ರವನ್ನು ನೋಡಿದ್ದೆ. ಅರುವತ್ತು ದಾಟಿದ ಹೆಂಗಸೊಬ್ಬಳು ಮುಕ್ಕಾಲಿಯ ಮೇಲೆ ಕುಳಿತು, ಜೋತ ಹೊಟ್ಟೆಯ ಮೇಲೆ ಕೈಗಳನ್ನಿಟ್ಟುಕೊಂಡು ಕಿಟಕಿಯತ್ತ ನೋಡುತ್ತಿದ್ದಾಳೆ. ಹೆರಿಗೆಯ ಗೆರೆಗಳನ್ನು ಕಲಾವಿದರು ಇದ್ದಿಲಿನಲ್ಲಿ ಒಂದೊಂದಾಗಿ ಮೂಡಿಸಿದ್ದಾರೆ. ಕಾಮ ಕೆರಳಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಬಹುಶಃ ಅದೇ ತೊಂದರೆಯಾಯಿತು.

ನಗ್ನತೆ ನಮಗೆ ಹೊಸತೆಂದು ಹೇಳುವಂತಿಲ್ಲ. 10ನೆಯ ಶತಮಾನದಲ್ಲಿ ಚಾವುಂಡರಾಯ ಕಡೆಸಿದ ಶ್ರವಣಬೆಳಗೊಳದ ಗೊಮ್ಮಟನ ಮುಂದೆ ನಮ್ಮ ಶಾಲೆಗಳ ಮಕ್ಕಳು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ದಿಗಂಬರ ಪರಂಪರೆ ಕೊಡಗಿಗೂ ಪರಕೀಯವಲ್ಲ. ಸೋಮವಾರಪೇಟೆ ಕಡೆಯ ಮುಳ್ಳೂರಿನಲ್ಲಿ ಕೊಂಗಾಳ್ವ ಅರಸರ ಕಾಲದ ಬಸದಿಗಳು ಇಂದಿಗೂ ಇವೆ. ವೇಷ ಹಾಕಿದವರು ಬೈಯುತ್ತಾ ಕಾಸು ಕೇಳುವ, ನಮ್ಮ ಜಿಲ್ಲೆಯ ದೇವರಪುರದ ಕುಂಡೆ ಹಬ್ಬದ ಬೈಗುಳಗಳನ್ನು ಮನೆಯೊಳಗೆ ಉಚ್ಚರಿಸಲಾರೆವು, ಆದರೂ ಆ ದಿನ ನಗುತ್ತಲೇ ಕೇಳಿಸಿಕೊಂಡು ಕೈಗೆ ಸಿಕ್ಕಷ್ಟು ಕಾಸು ಕೊಡುತ್ತೇವೆ. ವೈರಾಗ್ಯವೋ, ಹರಕೆಯೋ, ಹಳಮೆಯೋ ಏನಾದರೊಂದು ಆಸರೆ ಸಿಕ್ಕರೆ ನಾವು ಉದಾರಿಗಳು. ಅಶ್ಲೀಲತೆಯ ಕುರಿತ ಕಾನೂನು ಕೂಡ ದೇವಾಲಯ ಮತ್ತು ಪ್ರಾಚೀನ ಸ್ಮಾರಕಗಳ ಶಿಲ್ಪಗಳಿಗೆ ವಿನಾಯಿತಿ ಕೊಟ್ಟಿದೆ.

ಇತ್ತ ರೆಸಾರ್ಟುಗಳ ಮಸಾಜಿನ ಜಾಹೀರಾತಿನಲ್ಲಿ ಬರಿಬೆನ್ನಿನ ಯುವತಿ ನಗುತ್ತಾ ಮಲಗಿರುವುದಕ್ಕೆ ಯಾರೂ ಪಂಚೆ ಹುಡುಕಿಕೊಂಡು ಹೋಗಿಲ್ಲ. ಆಕೆ ನಮಗೆ ಯಾರೂ ಅಲ್ಲ. ಬೇಲೂರಿನ ಮದನಿಕೆಯರೂ ಯಾರ ಮನೆಯವರೂ ಅಲ್ಲ. ಆದರೆ ಮುಕ್ಕಾಲಿಯ ಮೇಲೆ ಕುಳಿತ ಆ ಹೆಂಗಸು ನಮ್ಮ ಅತ್ತೆಯೋ, ದೊಡ್ಡಮ್ಮನೋ ಆಗಿರಬಹುದು. ಹಾಸಿಗೆ ಹಿಡಿದ ತಾಯಿಗೆ ಮೈ ಒರೆಸುವಾಗ ಮಾತ್ರ ಕಂಡು, ತಕ್ಷಣ ಕಣ್ಣು ತಿರುಗಿಸಿಕೊಂಡ ಮೈ ಅದು. ನಾಳೆ ನಮ್ಮದೂ ಹಾಗೆಯೇ ಆಗುವುದನ್ನು ಸಾರ್ವಜನಿಕವಾಗಿ, ಅದರಲ್ಲೂ ಪರಿಚಿತರ ಪಕ್ಕದಲ್ಲಿ ನಿಂತು ನೋಡುವುದು ನಮಗೆ ಕಷ್ಟವಾಯಿತು, ಮತ್ತು ಆ ಕಷ್ಟವನ್ನು ಸಂಸ್ಕೃತಿಯ ರಕ್ಷಣೆ ಎಂದು ಕರೆದುಬಿಟ್ಟೆವು ಎಂಬುದು ನನ್ನ ಅಭಿಪ್ರಾಯ. (ಪಂಚೆಯ ಅಂಚನ್ನು ಎತ್ತಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡವರನ್ನೂ ನೋಡಿದೆ. ಒಬ್ಬರೇ ನೋಡುವಾಗ ಸಂಸ್ಕೃತಿಗೆ ಧಕ್ಕೆಯಾಗುವುದಿಲ್ಲವೆಂದು ಕಾಣುತ್ತದೆ.)

ನಗ್ನವಾಗಿದೆ ಎಂದ ಮಾತ್ರಕ್ಕೆ ಚಿತ್ರವೊಂದು ಅಶ್ಲೀಲವಾಗದು, ಅದರ ಒಟ್ಟು ಸಂದರ್ಭ ಮತ್ತು ಆಶಯವನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿಯೇ ಹೇಳಿದೆ. ಚಿಕ್ಕ ಮಕ್ಕಳನ್ನು ಕರೆತರುವ ಹೆತ್ತವರಿಗೆ ಒಳಗೇನಿದೆಯೆಂದು ಮೊದಲೇ ತಿಳಿಯಬೇಕು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಅದಕ್ಕೆ ಬಾಗಿಲಲ್ಲಿ ಒಂದು ಸೂಚನಾಫಲಕ ಸಾಕು. ಮುಂದಿನ ಪ್ರದರ್ಶನದಲ್ಲಿ ಸಂಘಟಕರು ಫಲಕವನ್ನು ಹೊರಗೂ ಚಿತ್ರವನ್ನು ಒಳಗೆ ಪಂಚೆಯಿಲ್ಲದೆಯೂ ತೂಗುಹಾಕಲಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಮಡಿಕೇರಿ