ಹೋರ್ಟಾದಲ್ಲಿ ಗಾಳಿಗಾಗಿ ಕಾಯುತ್ತಿರುವ ಪುಟ್ಟಿಗೆ

ಕುಮಟಾ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಬರ್ಮುಡಾದಿಂದ ಹೊರಟ ಹಾಯಿದೋಣಿ ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಬಂದರು ಹೋರ್ಟಾ ಮುಟ್ಟಿತು ಅಂತ ನಿನ್ನಪ್ಪ ಹೇಳಿದ. ಹತ್ತಿರ ಹತ್ತಿರ 1,800 ನಾಟಿಕಲ್ ಮೈಲಿ. ಮನೆಯಲ್ಲಿ ಎಲ್ಲರಿಗೂ ಉಸಿರು ಬಂದಂತಾಯಿತು. ನಿನ್ನ ಮೆಸೇಜೂ ನೋಡಿದೆ. 'ಗಾಳಿ ತಿರುಗುವ ತನಕ ಸ್ಕಿಪ್ಪರ್ ಹೊರಡಲ್ಲ ಅಂತಾರೆ, ಸುಮ್ನೆ ದಿನ ಹಾಳು' ಅಂತ ಬರೆದಿದ್ದೀಯ. ಆ 'ದಿನ ಹಾಳು' ಅನ್ನೋ ಮಾತು ಓದಿಯೇ ಈ ಕಾಗದ ಬರೆಯಲು ಕೂತೆ.

ನೀನು ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ನಿನ್ನನ್ನು ತದಡಿ ಬಂದರಿಗೆ ಕರೆದುಕೊಂಡು ಹೋಗುತ್ತಿದ್ದೆ, ನೆನಪಿದೆಯಾ? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆದರೆ ದಕ್ಕೆಯಲ್ಲಿ ಯಾರೂ ಸುಮ್ಮನೆ ಕೂತಿರಲಿಲ್ಲ. ಒಬ್ಬರು ಬಲೆ ಹೆಣೆಯುತ್ತಿದ್ದರು, ಒಬ್ಬರು ಹಲಗೆಯ ಸಂದು ಮುಚ್ಚುತ್ತಿದ್ದರು, ಇನ್ನೊಬ್ಬರು ಇಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡಿರುತ್ತಿದ್ದರು. 'ಇವರಿಗೆ ರಜಾ ಅಲ್ವಾ?' ಅಂತ ನೀನು ಕೇಳಿದ್ದೆ. ಬಂದರಿನಲ್ಲಿ ನಿಂತ ದಿನ ಅಂದರೆ ಅದೇ, ಪುಟ್ಟಿ.

ನೀವು ಹೋಗಬೇಕಾದ ಇಂಗ್ಲೆಂಡು ಹೋರ್ಟಾದಿಂದ ಈಶಾನ್ಯಕ್ಕಿದೆ. ಈಶಾನ್ಯದ ಗಾಳಿಯೇ ಬೀಸುತ್ತಿದ್ದರೆ ಮೂಗಿಗೆ ನೇರ ಗಾಳಿ. ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಇನ್ನೂ ಸುಮಾರು 1,200 ಮೈಲಿ ಇದೆ. ಅಷ್ಟು ದೂರ ಅಲೆಗೆ ಮುಖ ಕೊಟ್ಟು ಬಡಿಸಿಕೊಂಡು ಹೋಗುವುದಕ್ಕಿಂತ ನಾಲ್ಕು ದಿನ ಕಾಯುವವರು ಒಳ್ಳೆಯ ಸ್ಕಿಪ್ಪರ್. ಅವರ ಮಾತು ನಂಬು. ವಿಮಾನದ ಟಿಕೆಟ್ ಬದಲಿಸಬೇಕಾದರೆ ಇವತ್ತೇ ಬದಲಿಸು, ಹಣ ನಾನು ಕಳಿಸುತ್ತೇನೆ.

ಟಿಕೆಟ್ ವಿಷಯ ಯಾಕೆ ಎತ್ತಿದೆ ಅಂದರೆ, ಇದುವರೆಗೆ ನಿನಗೆ ಹೇಳದ ಒಂದು ಸಂಗತಿ ಇದೆ. 1991ರಲ್ಲಿ ನಾನೂ ಅದೇ ಹೋರ್ಟಾದಲ್ಲಿದ್ದೆ, ಐದು ಜನರ ಹಾಯಿದೋಣಿಯಲ್ಲಿ. ಜೊತೆಗಾರನೊಬ್ಬನಿಗೆ ವಿಮಾನ ಹಿಡಿಯಬೇಕಿತ್ತು. ಅವನಿಗಾಗಿ ಒಂದೇ ದಿನ ನಿಂತು ಹೊರಡುವುದು ಅಂತಾಯಿತು. ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ಹತ್ತಿ ತುದಿಯ ರಾಟೆ, ಹಗ್ಗ ನೋಡುವುದು ನನ್ನ ಕೆಲಸ. ನಾನು ಹತ್ತಲಿಲ್ಲ. ಕೆಳಗಿನಿಂದ ದುರ್ಬೀನಿನಲ್ಲಿ ನೋಡಿ 'ಎಲ್ಲಾ ಸರಿ ಇದೆ' ಅಂದೆ. ಆಮೇಲೆ ಬಂದರಿನ ಗೋಡೆಯ ಮೇಲೆ ಚಿತ್ರ ಬರೆಯುತ್ತಾ ಮಧ್ಯಾಹ್ನ ಕಳೆದೆ. ಹೊರಟ ಮೂರನೇ ರಾತ್ರಿ ಹಾಯಿ ಏರಿಸುವ ಹಗ್ಗ ತುದಿಯಲ್ಲೇ ತುಂಡಾಯಿತು. ರಾಟೆಯ ಅಂಚಿಗೆ ಉಜ್ಜಿ ಉಜ್ಜಿ ಎಳೆ ಎಳೆಯಾಗಿ ಸವೆದಿತ್ತು. ಹತ್ತಿದ್ದರೆ ಬೆರಳಿಗೇ ಸಿಗುತ್ತಿತ್ತು. ಹೊಸ ಹಗ್ಗ ಪೋಣಿಸಲು ಆ ಹೊಯ್ದಾಟದಲ್ಲಿ ಮೇಲೆ ಹತ್ತಿದವನು ನನಗಿಂತ ಚಿಕ್ಕ ಹುಡುಗ. ಕೂವೆಮರಕ್ಕೆ ಬಡಿದು ಅವನ ಮುಂಗೈ ಮುರಿಯಿತು. ಎಂಟು ದಿನ ಅವನು ಆ ನೋವು ತಿನ್ನುತ್ತಾ ಬಂದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಈಗಲೂ ನೆನೆದರೆ ಎದೆ ಭಾರವಾಗುತ್ತದೆ.

ಅದಕ್ಕೇ ಹೇಳುತ್ತೇನೆ, ನೀರು ಅಲುಗಾಡದ ಈ ದಿನದಲ್ಲೇ ಮೇಲೆ ಹತ್ತಿ ನೋಡು. ಕೈಯಿಂದ ಮುಟ್ಟಿ ನೋಡು. ಹಗ್ಗಗಳು ಎಲ್ಲೆಲ್ಲಿ ಉಜ್ಜುತ್ತವೋ ಅಲ್ಲೆಲ್ಲ ಬೆರಳಾಡಿಸು. ದೋಣಿ ಕಟ್ಟಿದ ಹಗ್ಗಗಳನ್ನೂ ಬಿಡಬೇಡ, ಅಂಚಿಗೆ ತಾಗುವ ಕಡೆ ಹಳೇ ಪೈಪಿನ ತುಂಡು ಸೀಳಿ ತೊಡಿಸು. ಹಗ್ಗ ಸುತ್ತಿ ಎಳೆಯುವ ವಿಂಚ್‌ಗಳನ್ನು ಸಿಹಿನೀರಿನಲ್ಲಿ ತೊಳೆ, ಉಪ್ಪು ಒಳಗೊಳಗೇ ತಿನ್ನುತ್ತದೆ. ದೋಣಿಯ ತಳದಲ್ಲಿ ನೀರು ನಿಂತಿದ್ದರೆ ನಾಲಿಗೆಗೆ ಮುಟ್ಟಿಸಿ ಉಪ್ಪೋ ಸಿಹಿಯೋ ನೋಡು. ಉಪ್ಪಿದ್ದರೆ ಸ್ಕಿಪ್ಪರ್‌ಗೆ ತಕ್ಷಣ ಹೇಳು.

ಆಮೇಲೆ ನಿದ್ದೆ ಮಾಡು. ಎರಡು ಮೂರು ವಾರ ಪಾಳಿಯಲ್ಲಿ ಕಾವಲು ಕಾದವರಿಗೆ ಎಷ್ಟು ನಿದ್ದೆ ಬಾಕಿ ಇದೆ ಅಂತ ಗೊತ್ತೇ ಆಗುವುದಿಲ್ಲ. ಚಿಕ್ಕ ಮಾತಿಗೆ ಸಿಟ್ಟು ಬರುತ್ತದೆ, ಸುಮ್ನೆ ಬೇಜಾರಾಗುತ್ತದೆ. ನಿನ್ನ ಮೆಸೇಜಿನಲ್ಲಿ ನನಗೆ ಕಂಡದ್ದು ಅದೇ.

ಎದ್ದ ಮೇಲೆ ಊರು ನೋಡು. ಎದುರಿಗೆ ಪಿಕೊ ಪರ್ವತ, 2,351 ಮೀಟರ್, ಕಡಲಿನಿಂದ ನೇರ ಎದ್ದು ನಿಂತಿದೆ. ಬೆಳಗ್ಗೆ ಬೇಗ ನೋಡು, ಹೊತ್ತೇರಿದರೆ ಮೋಡ ಮುಚ್ಚಿಬಿಡಬಹುದು. ಸಾಧ್ಯವಾದರೆ ಅದೇ ದ್ವೀಪದ ಪಶ್ಚಿಮ ತುದಿಯ ಕಪೆಲಿನ್ಯೋಸ್‌ಗೂ ಹೋಗು. 1957ರಲ್ಲಿ ಕಡಲೊಳಗೇ ಜ್ವಾಲಾಮುಖಿ ಎದ್ದು, ಮರುವರ್ಷದ ತನಕ ಬೂದಿ ಸುರಿಸಿ, ದೀಪಸ್ತಂಭದ ಕೆಳ ಅಂತಸ್ತನ್ನೇ ಹೂತುಹಾಕಿತು. ಎಷ್ಟೋ ಸಂಸಾರಗಳು ಊರು ಬಿಟ್ಟು ಅಮೆರಿಕಕ್ಕೆ ಹೋದವು.

ದಕ್ಕೆಯ ಹತ್ತಿರದ ಪೀಟರ್ ಕೆಫೆ ಸ್ಪೋರ್ಟ್ 1918ರಿಂದ ಇದೆ. ಹಾಯಿದೋಣಿಯವರಿಗೆ ಬಂದ ಕಾಗದಗಳನ್ನು ಅಲ್ಲಿ ಜೋಪಾನವಾಗಿ ಇಟ್ಟುಕೊಡುತ್ತಿದ್ದರು. ನಿನ್ನ ಅಜ್ಜಿ ಬರೆಸಿದ ಕಾಗದ ನನಗೆ ಸಿಕ್ಕಿದ್ದು ಅಲ್ಲೇ. ಮನೆ ಹಿಂದಿನ ಹಲಸಿನ ಮರದಲ್ಲಿ ಎಷ್ಟು ಕಾಯಿ ಬಿಟ್ಟಿದೆ ಅಂತ ಬರೆಸಿದ್ದಳು. ಓದಿ ಅತ್ತುಬಿಟ್ಟಿದ್ದೆ. ನಿನ್ನ ಕೈಯಲ್ಲಿ ಫೋನ್ ಇದೆ. ಅಮ್ಮನಿಗೆ ನಿಧಾನವಾಗಿ, ಅರ್ಧ ಗಂಟೆಯಾದರೂ ಮಾತಾಡು. ಅವಳು ನಿನ್ನನ್ನು ಏನೂ ಕೇಳುವುದಿಲ್ಲ, ಆದರೆ ದಿನಾ ಹವಾಮಾನ ನೋಡುತ್ತಾಳೆ.

ಗೋಡೆಯ ಮೇಲೆ ಚಿತ್ರ ಬರೆಯಲೇ ಅಂತ ಕೇಳಿದ್ದೀಯಲ್ಲ. ಬರೆಯದೆ ಹೊರಟರೆ ಕೆಡುಕಾಗುತ್ತದೆ ಅಂತ ಅಲ್ಲಿ ಹೇಳುತ್ತಾರೆ. ಖಂಡಿತ ಬರಿ, ಆದರೆ ಮೇಲೆ ಹತ್ತಿ ಇಳಿದ ಮೇಲೆ. ಕಾಂಕ್ರೀಟನ್ನು ತಂತಿ ಬ್ರಷ್‌ನಿಂದ ಉಜ್ಜಿ ಒಣಗಿಸಿ ಬಣ್ಣ ಹಚ್ಚು. ಬೇರೆಯವರ ಹೊಸ ಚಿತ್ರದ ಮೇಲೆ ಮಾತ್ರ ಹಚ್ಚಬೇಡ. ಪೂರ್ತಿ ಮಾಸಿದ್ದನ್ನೇ ಹುಡುಕು. ಕೆಂಪು ಹಾಯಿ, ಅದರ ಕೆಳಗೆ ಕನ್ನಡದಲ್ಲಿ 'ಕುಮಟಾ' ಅಂತ ನಾನು ಬರೆದಿದ್ದೆ. ಇಷ್ಟು ವರ್ಷದಲ್ಲಿ ಅಳಿಸಿಹೋಗಿರಬೇಕು. ಒಂದು ಅಕ್ಷರವಾದರೂ ಉಳಿದಿದ್ದರೆ ಫೋಟೋ ತೆಗೆದು ಕಳಿಸು, ಆಮೇಲೆ ಅದರ ಮೇಲೇ ನಿನ್ನ ಚಿತ್ರ ಬರಿ.

ನಿನ್ನ ಪ್ರೀತಿಯ
ದೊಡ್ಡಪ್ಪ