ಮನಸ್ಸು ನೋಡ್ಕೊಳ್ಳೋಕೂ ಸಬ್‌ಸ್ಕ್ರಿಪ್ಷನ್ ಬೇಕಾ?

ಮಾನ್ಯ ಸಂಪಾದಕರೇ,

ಈಗೆಲ್ಲಾ ಮನಃಶಾಂತಿ ಅಂದ್ರೆ ಆ್ಯಪ್ ಹಾಕ್ಕೊಳ್ಳಿ, ದುಡ್ಡು ಕಟ್ಟಿ ಅನ್ನೋ ಹಾಗಾಗಿದೆ. ಆದ್ರೆ ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ ಅವ್ರು 1969ರಲ್ಲಿ ಭಾರತಕ್ಕೆ ಬಂದು ಕಲಿಸೋಕೆ ಶುರು ಮಾಡಿದ ವಿಪಶ್ಯನ ಅನ್ನೋ ಧ್ಯಾನ ಇದೆಯಲ್ಲ, ಬೆಂಗಳೂರಿನ ತುಮಕೂರು ರಸ್ತೆ ಕಡೆ ಆಲೂರಲ್ಲೂ ಸೆಂಟರ್ ಇದೆ, 10 ದಿನದ ಕೋರ್ಸು, ಊಟ ವಸತಿಗೂ ಫೀಸ್ ಇಲ್ಲ, ಮುಗಿದ್ಮೇಲೆ ಇಷ್ಟ ಇದ್ರೆ ದಾನ ಕೊಡ್ಬಹುದು ಅಷ್ಟೇ. ಮೊದಲ ಮೂರು ದಿನ ಬರೀ ಉಸಿರು ನೋಡೋದು. ಆಮೇಲೆ ಮೈಯಲ್ಲಿ ಏಳೋ ಸಂವೇದನೆ. ಯೋಚನೆ ಬರುತ್ತೆ, ಬರ್ಲಿ, ಓಡಿಸೋದೂ ಬೇಡ ಅದರ ಹಿಂದೆ ಹೋಗೋದೂ ಬೇಡ, ಸಿಟ್ಟು ಬಂದಾಗ ಉಸಿರು ಹೆಂಗೆ ಬದಲಾಗುತ್ತೆ ಅಂತ ಸುಮ್ನೆ ನೋಡ್ತಾ ಕೂತ್ರೆ ಸಿಟ್ಟಿನ ಜೋರು ಎಷ್ಟೋ ಇಳಿಯುತ್ತೆ. 1994ರಲ್ಲಿ ಪೊಲೀಸ್ ಅಧಿಕಾರಿ ಕಿರಣ್ ಬೇಡಿ ಅವ್ರು ಮುಖ್ಯಸ್ಥರಾಗಿದ್ದಾಗ ದೆಹಲಿಯ ತಿಹಾರ್ ಜೈಲಲ್ಲಿ ಸಾವಿರದಷ್ಟು ಕೈದಿಗಳು ಒಟ್ಟಿಗೆ ಹಿಂಗೆ ಕೂತಿದ್ರು. (ನಮ್ಮನೇಲಿ ಟಿವಿ ಆಫ್ ಮಾಡಿ ಸ್ವಲ್ಪ ಹೊತ್ತು ಕೂರಿ ಅಂದ್ರೆ ಯಾರೂ ಕೂರಲ್ಲ, ಅದು ಬೇರೆ ವಿಷ್ಯ.)

ಆದ್ರೆ ತೀವ್ರ ಖಿನ್ನತೆ ಇರೋರಿಗೆ ‘ಧ್ಯಾನ ಮಾಡು ಸರಿಹೋಗುತ್ತೆ’ ಅಂತ ನೆಂಟರು ಉಪದೇಶ ಮಾಡ್ತಾರಲ್ಲ, ಅದು ತಪ್ಪು, ಗಂಭೀರ ಮಾನಸಿಕ ಕಾಯಿಲೆ ಇರೋರಿಗೆ ಈ ಕೋರ್ಸು ಬೇಡ ಅಂತ ಸೆಂಟರ್‌ನವರೇ ಹೇಳ್ತಾರೆ. ಅಂಥವರಿಗೆ ಡಾಕ್ಟ್ರೇ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ದಿನಾ ರಾಶಿ ಭವಿಷ್ಯಕ್ಕೆ ಅಷ್ಟು ಜಾಗ ಕೊಡೋ ನೀವು ಅದರ ಪಕ್ಕದಲ್ಲೇ ಈ ನಂಬರ್ ಹಾಕಿದ್ರೆ ಏನ್ ನಷ್ಟ?

– ಓರ್ವ ಓದುಗ, ತುಮಕೂರು